ಗಣಕಯಂತ್ರದ ದುರಸ್ತಿಗೂ ದಾಖಲೆ ಪುಸ್ತಕ ಬೇಕು

ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುತ್ತೇವೆ. ಅದರ ಪ್ರಮಾಣಪತ್ರವನ್ನು ಗ್ರಾಹಕರಿಗೆ ಕಾಣುವಂತೆ ಗೋಡೆಗೆ ತೂಗುಹಾಕುತ್ತೇವೆ. ಲಾರಿಗೆ ಅರ್ಹತಾ ಪತ್ರ ಮಾಡಿಸುತ್ತೇವೆ. ಬಾಯ್ಲರ್ ಇದ್ದವರು ಅದರ ತಪಾಸಣೆಯ ಕಾಗದಗಳನ್ನು ಬೀರುವಿನಲ್ಲಿ ಜೋಪಾನವಾಗಿ ಇಡುತ್ತಾರೆ. ಆದರೆ ಇಂದು ನಮ್ಮ ಇಡೀ ವ್ಯವಹಾರವೇ ನಿಂತಿರುವ ಗಣಕಯಂತ್ರಕ್ಕೆ ಯಾರು, ಯಾವ ದಿನ, ಏನು ಮಾಡಿ ಹೋದರು ಎಂಬುದಕ್ಕೆ ನಮ್ಮಲ್ಲಿ ಎಷ್ಟು ಜನರ ಬಳಿ ಒಂದು ಸಾಲಿನ ದಾಖಲೆಯಾದರೂ ಇದೆ? ಈ ಪ್ರಶ್ನೆಯನ್ನು ಇತರರಿಗೆ ಕೇಳುವ ಮೊದಲು ನಾನು ನನಗೇ ಕೇಳಿಕೊಳ್ಳಬೇಕಾಯಿತು. ಉತ್ತರ ನಾಚಿಕೆ ತರುವಂತಿತ್ತು.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ, ಕೈಬರಹದ ಖಾತೆ ಪುಸ್ತಕವನ್ನು ವರ್ಷಾಂತ್ಯಕ್ಕೆ ಲೆಕ್ಕಪರಿಶೋಧಕರಿಗೆ ಒಪ್ಪಿಸಿ ನಿಶ್ಚಿಂತರಾಗುವ ಕಾಲ ಮುಗಿಯಿತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಬಂದಿತು. 2020ರ ಅಕ್ಟೋಬರ್‌ನಲ್ಲಿ ದೊಡ್ಡ ಉದ್ದಿಮೆಗಳಿಗೆಂದು ಆರಂಭವಾದ ಇ-ಇನ್‌ವಾಯ್ಸ್ ಪದ್ಧತಿ ಹಂತಹಂತವಾಗಿ ಕೆಳಗಿಳಿದು, 2023ರ ಆಗಸ್ಟ್ 1ರಿಂದ ವಾರ್ಷಿಕ 5 ಕೋಟಿ ರೂಪಾಯಿಗಳ ವಹಿವಾಟು ಮೀರಿದವರನ್ನೂ ಮುಟ್ಟಿತು. ಬಂಗಾರಪೇಟೆಯ ಅಕ್ಕಿ ಗಿರಣಿಯವರಿರಲಿ, ರಾಬರ್ಟ್‌ಸನ್ ಪೇಟೆಯ ಜವಳಿ ವರ್ತಕರಿರಲಿ, ಉರಿಗಾಂನಲ್ಲಿ ನಾಲ್ಕು ಲೇತ್ ಇಟ್ಟುಕೊಂಡಿರುವ ನನ್ನಂಥವನಿರಲಿ, ಗಣಕಯಂತ್ರ ಓಡದಿದ್ದರೆ ಸರಕು ಬಾಗಿಲು ದಾಟುವುದಿಲ್ಲ. ಪರಿಸ್ಥಿತಿ ಹೀಗಿರುವಾಗ ಅದರ ನಿರ್ವಹಣೆಯನ್ನು ಮಾತ್ರ ನಾವು ಬಾಯಿಮಾತಿನ ಮೇಲೆ ಬಿಟ್ಟಿದ್ದೇವೆ. ಇದು ಸರಿಯಲ್ಲವೆಂಬುದನ್ನು ನನ್ನದೇ ಕಚೇರಿಯ ಒಂದು ಪ್ರಸಂಗದ ಮೂಲಕ ವಾಚಕರ ಮುಂದಿಡಲು ಬಯಸುತ್ತೇನೆ.

ಶನಿವಾರದ ಬಟವಾಡೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಆಪರೇಟಿಂಗ್ ಸಿಸ್ಟಂಗೆ ತಯಾರಕರು ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಭದ್ರತೆಯ ತಿದ್ದುಪಡಿಗಳು ಬಾರದ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ನಡೆಸುವುದು ಬೀಗವಿಲ್ಲದ ಗಲ್ಲಾಪೆಟ್ಟಿಗೆಯಲ್ಲಿ ಹಣ ಇಟ್ಟಂತೆ. ಆದ್ದರಿಂದ ಆ ವರ್ಷದ ನವೆಂಬರ್‌ನಲ್ಲಿ ಒಂದು ಶುಕ್ರವಾರದ ಸಂಜೆ, ನಮ್ಮ ಕಚೇರಿಯ ಮುಖ್ಯ ಯಂತ್ರವನ್ನು ವಿಂಡೋಸ್ 11ಕ್ಕೆ ಮೇಲ್ದರ್ಜೆಗೇರಿಸಲಾಯಿತು. ಯಂತ್ರ ಅದಕ್ಕೆ ಅರ್ಹವಾಗಿತ್ತು. ಕೆಲಸವೂ ಅಡಚಣೆಯಿಲ್ಲದೆ ಮುಗಿಯಿತು.

ಮರುದಿನ ಬೆಳಿಗ್ಗೆ ಹೊಸೂರಿಗೆ ಹೋಗಬೇಕಾದ ಬಿಡಿಭಾಗಗಳನ್ನು ಲಾರಿಗೆ ತುಂಬಿಸಿ ಆಗಿತ್ತು. ಬಿಲ್ಲು ಸಿದ್ಧವಾಯಿತು, ಮುದ್ರಣವೂ ಆಯಿತು. ಆದರೆ ಇ-ವೇ ಬಿಲ್ಲಿನ ಜಾಲತಾಣ ತೆರೆಯಲೊಲ್ಲದು. ಬಿಳಿಯ ಪರದೆ, ಸುತ್ತುವ ಚಕ್ರ, ಕೊನೆಗೆ ತಾಣ ಸಿಗುತ್ತಿಲ್ಲವೆಂಬ ಸೂಚನೆ. ಬ್ಯಾಂಕಿನ ತಾಣದ ಗತಿಯೂ ಅದೇ. ಯಂತ್ರದ ಫ್ಯಾನು ಮಾತ್ರ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಬೇರೆ ರಾಜ್ಯಕ್ಕೆ ಹೋಗುವ 50 ಸಾವಿರ ರೂಪಾಯಿ ಮೀರಿದ ಸರಕು ಇ-ವೇ ಬಿಲ್ ಇಲ್ಲದೆ ರಸ್ತೆಗಿಳಿದರೆ ಏನಾಗುತ್ತದೆಂಬುದು ವಾಚಕರಿಗೆ ತಿಳಿದದ್ದೇ. ಲಾರಿ ಬಾಗಿಲಲ್ಲೇ ನಿಂತಿತು.

ಅಂದು ಬಟವಾಡೆಯ ದಿನ. ಹನ್ನೊಂದು ಜನ ಕಾರ್ಮಿಕರ ವಾರದ ಕೂಲಿಯನ್ನು ನಾವು ಅದೇ ಯಂತ್ರದಿಂದ ಬ್ಯಾಂಕಿನ ಮೂಲಕ ಕಳುಹಿಸುವುದು ವಾಡಿಕೆ. ಮೊಬೈಲ್ ದೂರವಾಣಿಯಿಂದ ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಬಳಕೆದಾರರ ಹೆಸರು, ಗುಪ್ತಪದ ಎಲ್ಲವೂ ಆ ಯಂತ್ರದ ನೆನಪಿನಲ್ಲೇ ಉಳಿದಿದ್ದವು. ನಮ್ಮ ನೆನಪಿನಲ್ಲಿ ಇರಲಿಲ್ಲ, ಬೇರೆಲ್ಲಿಯೂ ಬರೆದಿಟ್ಟಿರಲಿಲ್ಲ. ಕೊನೆಗೆ ರಾಬರ್ಟ್‌ಸನ್ ಪೇಟೆಯ ನಮ್ಮ ತೆರಿಗೆ ಸಲಹೆಗಾರರ ಕಚೇರಿಗೆ ಓಡಿ, ಅವರ ಬಳಿ ಇದ್ದ ವಿವರಗಳಿಂದ ಇ-ವೇ ಬಿಲ್ ತೆಗೆಸುವ ಹೊತ್ತಿಗೆ ದೀಪ ಹಚ್ಚುವ ಸಮಯವಾಗಿತ್ತು. ಲಾರಿ ಹೊಸೂರು ತಲುಪಿದಾಗ ಗ್ರಾಹಕರ ಗೇಟು ಮುಚ್ಚಿತ್ತು. ಭಾನುವಾರ ರಜೆ. ಸರಕು ಇಳಿದದ್ದು ಸೋಮವಾರ. ನಿಲುಗಡೆಯ ಬಾಡಿಗೆ ನಮ್ಮ ತಲೆಗೆ. ಕಾರ್ಮಿಕರಿಗೆ ಅಂದು ಕೈಯಲ್ಲಿದ್ದಷ್ಟು ನಗದು ಕೊಟ್ಟು, ಉಳಿದದ್ದಕ್ಕೆ ಕ್ಷಮೆ ಕೇಳಿದೆ. ಇಪ್ಪತ್ತು ವರ್ಷಗಳಲ್ಲಿ ಬಟವಾಡೆ ತಪ್ಪಿದ್ದು ಅದೇ ಮೊದಲು. ನಿಲುಗಡೆಯ ಬಾಡಿಗೆಗಿಂತ ಅದು ಹೆಚ್ಚು ನೋಯಿಸಿತು.

ಎರಡು ಸಲಹೆಗಳು

ಆ ಶನಿವಾರವೇ ಇಬ್ಬರು ಬಲ್ಲವರ ಸಲಹೆ ದೊರೆಯಿತು. ಮೊದಲನೆಯವರು ಯಂತ್ರ ಮಾರುವವರು. ಪ್ರೊಸೆಸರ್ ಹಳೆಯದಾಗಿದೆ, ಹೊಸ ಸಿಸ್ಟಂನ ಹೊರೆಯನ್ನು ಹೊರಲಾರದು, ಹೊಸ ಯಂತ್ರವನ್ನೇ ಕೊಳ್ಳಿ ಎಂದರು. ಎರಡನೆಯವರು ದೂರವಾಣಿಯಲ್ಲಿಯೇ ಚಿಕಿತ್ಸೆ ಹೇಳಿದರು: ಯಾವುದೋ ಒಂದು ಜಾಲಸೇವೆ ಪ್ರೊಸೆಸರನ್ನು ತಿನ್ನುತ್ತಿದೆ, ಅದನ್ನು ನಿಲ್ಲಿಸಿಬಿಡಿ ಎಂದರು.

ಈ ಎರಡು ಸಲಹೆಗಳನ್ನು ಕಾರ್ಖಾನೆಯ ಭಾಷೆಗೆ ತಂದು ನೋಡೋಣ. ಒಂದು ಮೋಟಾರು ಬಿಸಿಯಾಗುತ್ತಿದೆ, ಆಮ್ಮೀಟರಿನ ಮುಳ್ಳು ಮೇಲೇರಿದೆ ಎಂದುಕೊಳ್ಳಿ. ನಮ್ಮಲ್ಲಿ ಯಾರೂ ಕೂಡಲೇ ಹೊಸ ಮೋಟಾರಿಗೆ ಆದೇಶ ಕೊಡುವುದಿಲ್ಲ. ಬೇರಿಂಗ್ ಹಿಡಿದಿದೆಯೇ, ಬೆಲ್ಟ್ ಬಿಗಿಯಾಗಿದೆಯೇ, ಮೂರು ಫೇಸ್‌ಗಳಲ್ಲಿ ಒಂದು ಹೋಗಿದೆಯೇ ಎಂದು ಮೊದಲು ನೋಡುತ್ತೇವೆ. ಹಾಗೆಯೇ, ಫ್ಯೂಸ್ ಪದೇಪದೇ ಹೋಗುತ್ತಿದೆಯೆಂದು ದಪ್ಪ ತಂತಿ ಕಟ್ಟುವವನನ್ನು ಒಳ್ಳೆಯ ಕೆಲಸಗಾರನೆಂದು ಕರೆಯುವುದಿಲ್ಲ. ಮೊದಲ ಸಲಹೆ ಹೊಸ ಮೋಟಾರು ಕೊಳ್ಳುವ ಸಲಹೆ. ಎರಡನೆಯದು ದಪ್ಪ ತಂತಿ ಕಟ್ಟುವ ಸಲಹೆ. ಎರಡರಲ್ಲಿಯೂ ಇಲ್ಲದ್ದು ಒಂದೇ: ಮುಳ್ಳು ಮೇಲೇರಿದ್ದು ಏಕೆಂಬ ಪ್ರಶ್ನೆ.

ಭಾನುವಾರದ ಪರೀಕ್ಷೆ

ನಮ್ಮ ಬೀದಿಯ ಒಬ್ಬ ತರುಣ ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಗಣಕಜಾಲಗಳ ನಿರ್ವಹಣೆ ಮಾಡುತ್ತಾನೆ. ಬೆಳಿಗ್ಗೆ ಕತ್ತಲಿರುವಾಗಲೇ ಉರಿಗಾಂ ನಿಲ್ದಾಣದಲ್ಲಿ ರೈಲು ಹತ್ತಿ, ರಾತ್ರಿ ಊರು ಮಲಗುವ ಹೊತ್ತಿಗೆ ಇಳಿಯುವ ಸಾವಿರಾರು ಜನರಲ್ಲಿ ಅವನೂ ಒಬ್ಬ. ಭಾನುವಾರ ಅವನನ್ನು ಕರೆದೆ. ಬಂದವನು ಯಂತ್ರದ ಮುಂದೆ ಕುಳಿತು ಮೊದಲು ಕೇಳಿದ್ದು, “ಅಂಕಲ್, ಇದಕ್ಕೆ ಮುಂಚೆ ಈ ಮಷೀನನ್ನು ಯಾರಾದರೂ ಮುಟ್ಟಿದ್ದಾರಾ?”

“ಮುಟ್ಟದೇ ಇರುವವರು ಯಾರಪ್ಪಾ?” ಎಂದೆ.

ಅವನು ನಕ್ಕು ಕೆಲಸಕ್ಕೆ ತೊಡಗಿದ. ಅವನು ಅನುಸರಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಏಕೆಂದರೆ ಆ ಕ್ರಮದಲ್ಲಿಯೇ ಪಾಠವಿದೆ.

ಮೊದಲನೆಯದಾಗಿ, ಟಾಸ್ಕ್ ಮ್ಯಾನೇಜರ್ ತೆರೆದು ಯಾವ ಕೆಲಸ ಎಷ್ಟು ಪಾಲು ಪ್ರೊಸೆಸರನ್ನು ಬಳಸುತ್ತಿದೆಯೆಂದು ನೋಡಿದ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ಇದನ್ನು ಯಾರು ಬೇಕಾದರೂ ಮಾಡಬಹುದು. ಪಟ್ಟಿಯ ತಲೆಯಲ್ಲಿ ‘ಸರ್ವಿಸ್ ಹೋಸ್ಟ್: ಡಿಎನ್‌ಎಸ್ ಕ್ಲೈಂಟ್’ ಎಂಬ ಸೇವೆ ಇತ್ತು. ಅದರ ಎದುರಿನ ಅಂಕಿ ಸುಮಾರು 25ರಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ನೂರರಲ್ಲಿ ಇಪ್ಪತ್ತೈದು ತಾನೆ, ಮುಕ್ಕಾಲು ಪಾಲು ಖಾಲಿ ಇದೆಯಲ್ಲ ಎಂದು ನನಗೆ ಅನ್ನಿಸಿತು. ಆ ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳಿವೆ. ಒಂದು ಕೋರ್ ಪೂರ್ತಿಯಾಗಿ ಸಿಕ್ಕಿಹಾಕಿಕೊಂಡರೆ ಒಟ್ಟು ಲೆಕ್ಕದಲ್ಲಿ 25 ಎಂದೇ ಕಾಣುತ್ತದೆ ಎಂದು ಅವನು ವಿವರಿಸಿದ. ನಾಲ್ಕು ಲೇತ್‌ಗಳಲ್ಲಿ ಮೂರು ಬಿಡುವಾಗಿದ್ದು, ಆ ದಿನದ ಕೆಲಸವೆಲ್ಲ ಜಾಮ್ ಆದ ನಾಲ್ಕನೆಯದರ ಮೇಲೆಯೇ ಆಗಬೇಕಾಗಿದ್ದರೆ ಹೇಗೋ ಹಾಗೆ.

ಎರಡನೆಯದಾಗಿ, ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಿದ. ವಿಂಡೋಸ್‌ನ ಹಿನ್ನೆಲೆ ಸೇವೆಗಳಲ್ಲಿ ಬಹುಪಾಲು ‘ಎಸ್‌ವಿಸಿ ಹೋಸ್ಟ್’ ಎಂಬ ಒಂದೇ ಹೆಸರಿನ ಕಡತದಿಂದ ನಡೆಯುವುದರಿಂದ, ಅದೇ ವೇಷ ಹಾಕಿಕೊಂಡು ಬರುವ ದುಷ್ಟ ತಂತ್ರಾಂಶಗಳೂ ಉಂಟು. ಅಸಲಿ ಕಡತ ಇರುವುದು ವಿಂಡೋಸ್‌ನ ‘ಸಿಸ್ಟಂ 32’ ಫೋಲ್ಡರಿನಲ್ಲಿ. ಬೇರೆ ಜಾಗದಿಂದ ಆ ಹೆಸರಿನದು ಓಡುತ್ತಿದ್ದರೆ ಅನುಮಾನಪಡಬೇಕು. ನಮ್ಮದು ಅಸಲಿಯೇ ಆಗಿತ್ತು. ವೈರಸ್ ತಪಾಸಣೆಯಲ್ಲಿಯೂ ಏನೂ ಸಿಗಲಿಲ್ಲ.

ಮೂರನೆಯದಾಗಿ, ಆ ಸೇವೆ ನಿಜವಾಗಿ ಜಾಲದೊಡನೆ ಮಾತನಾಡುತ್ತಿದೆಯೇ ಎಂದು ನೋಡಿದ. ರಿಸೋರ್ಸ್ ಮಾನಿಟರ್‌ನಲ್ಲಿ ಜಾಲದ ಸಂಚಾರ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಜಾಲದ ತಂತಿಯನ್ನೇ ಕಿತ್ತು ಐದು ನಿಮಿಷ ಕಾದ. ಪ್ರೊಸೆಸರಿನ ಅಂಕಿ ಕದಲಲಿಲ್ಲ. “ತೊಂದರೆ ಹೊರಗಿನಿಂದ ಬರುತ್ತಿಲ್ಲ ಅಂಕಲ್, ಮನೆಯೊಳಗೇ ಇದೆ” ಎಂದ.

ಇಲ್ಲಿ ಆ ಸೇವೆಯ ಕೆಲಸವೇನೆಂದು ಹೇಳುವುದು ಅವಶ್ಯ. ನಾವು ಜಾಲತಾಣದ ಹೆಸರನ್ನು ಬೆರಳಚ್ಚಿಸುತ್ತೇವೆ. ಯಂತ್ರಕ್ಕೆ ಬೇಕಾದದ್ದು ಅದರ ಅಂಕಿಗಳ ವಿಳಾಸ. ಹೆಸರು ಕೊಟ್ಟರೆ ವಿಳಾಸ ಹುಡುಕಿ ತರುವವನು, ತಂದದ್ದನ್ನು ಸ್ವಲ್ಪ ಕಾಲ ನೆನಪಿಟ್ಟುಕೊಳ್ಳುವವನು ಈ ಡಿಎನ್‌ಎಸ್ ಕ್ಲೈಂಟ್. ಹೊರಗೆ ಕೇಳುವ ಮೊದಲು ಅವನು ಯಂತ್ರದೊಳಗೇ ಇರುವ ‘ಹೋಸ್ಟ್ಸ್’ ಎಂಬ ಒಂದು ಸಣ್ಣ ಪಟ್ಟಿಯನ್ನು ಓದಿಕೊಳ್ಳುತ್ತಾನೆ. ಸಾಮಾನ್ಯವಾಗಿ ಅದರಲ್ಲಿ ಹತ್ತಿಪ್ಪತ್ತು ಸಾಲುಗಳಿರುತ್ತವೆ, ಅವೂ ಬಹುಪಾಲು ವಿವರಣೆಯ ಸಾಲುಗಳು. ನಮ್ಮ ಯಂತ್ರದ ಪಟ್ಟಿಯನ್ನು ತೆರೆದಾಗ ಅದರಲ್ಲಿ ಅರವತ್ತು ಸಾವಿರಕ್ಕೂ ಮೀರಿದ ಸಾಲುಗಳಿದ್ದವು! ಕಡತವನ್ನು ಕೊನೆಯ ಬಾರಿ ತಿದ್ದಿದ ವರ್ಷ 2019. ವಿದ್ಯುತ್ ಹೋಗಿ ಬಂದು ರೂಟರ್ ಹೊಸದಾಗಿ ಆರಂಭವಾದಾಗ, ಸಂಪರ್ಕ ಕಡಿದು ಕೂಡಿದಾಗ, ಆ ಪಟ್ಟಿಯನ್ನೆಲ್ಲ ಮೊದಲಿನಿಂದ ಓದಿ ಜೋಡಿಸುವುದರಲ್ಲಿಯೇ ಸೇವೆ ಮುಳುಗುತ್ತಿತ್ತು. ಆ ತನಕ ಯಾವ ತಾಣದ ವಿಳಾಸವನ್ನೂ ಹೇಳುತ್ತಿರಲಿಲ್ಲ. ಯಂತ್ರದೊಳಗಿನ ಲೆಕ್ಕದ ಕೆಲಸ ನಡೆದು, ಹೊರಗಿನ ತಾಣಗಳು ಮಾತ್ರ ತೆರೆಯದಿದ್ದುದರ ಗುಟ್ಟು ಇದು. ಪಟ್ಟಿ ಬಹಳ ಬೆಳೆದರೆ ಈ ಸೇವೆ ಪ್ರೊಸೆಸರನ್ನು ತಿನ್ನುವುದು ತಂತ್ರಜ್ಞರಿಗೆ ಹಳೆಯ ಸಂಗತಿಯಂತೆ.

ಅವನು ಆ ಪಟ್ಟಿಯ ಒಂದು ಪ್ರತಿಯನ್ನು ಬೇರೆಡೆ ತೆಗೆದಿಟ್ಟು, ಅದರ ಸ್ಥಾನದಲ್ಲಿ ಮೂಲದ ಚಿಕ್ಕ ಪಟ್ಟಿಯನ್ನು ಇಟ್ಟು ಯಂತ್ರವನ್ನು ಮತ್ತೆ ಆರಂಭಿಸಿದ. ಎರಡು ನಿಮಿಷಗಳಲ್ಲಿ ಅಂಕಿ ಒಂದು, ಎರಡಕ್ಕೆ ಇಳಿಯಿತು. ಫ್ಯಾನಿನ ಸದ್ದು ಅಡಗಿತು. ಇ-ವೇ ಬಿಲ್ಲಿನ ತಾಣ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಒಟ್ಟು ಹಿಡಿದದ್ದು ಮುಕ್ಕಾಲು ಗಂಟೆ. ಅದರಲ್ಲಿ ಸರಿಪಡಿಸಲು ಹಿಡಿದದ್ದು ಐದು ನಿಮಿಷ, ಉಳಿದದ್ದೆಲ್ಲ ಹುಡುಕಾಟ.

ತಪ್ಪು ಯಾರದು?

ಆ ಅರವತ್ತು ಸಾವಿರ ಸಾಲುಗಳು ಎಲ್ಲಿಂದ ಬಂದವು? ಹಳೆಯ ರಸೀತಿಗಳ ಕಡತ ತೆಗೆದೆ. 2019ರದೊಂದು ರಸೀತಿ ಸಿಕ್ಕಿತು. ಅದರಲ್ಲಿದ್ದದ್ದು ಒಂದೇ ಸಾಲು: ‘ಕಂಪ್ಯೂಟರ್ ಸರ್ವಿಸ್, 600 ರೂಪಾಯಿ.’ ಅದರ ಮೇಲಿದ್ದ ಸಂಖ್ಯೆಗೆ ಕರೆ ಮಾಡಿದೆವು. ಆ ತಂತ್ರಜ್ಞ ಈಗ ಬೆಂಗಳೂರು ಸೇರಿದ್ದಾನೆ; ಸೌಜನ್ಯದಿಂದ ಮಾತನಾಡಿದ, ನೆನಪು ಮಾಡಿಕೊಂಡು ಹೇಳಿದ. ಕಚೇರಿಯ ಹುಡುಗರು ಕೆಲಸದ ವೇಳೆ ಸಿನಿಮಾ, ಆಟಗಳ ತಾಣ ನೋಡುತ್ತಾರೆಂದು ನಾನೇ ದೂರಿದ್ದೆನಂತೆ. ಅವುಗಳನ್ನೂ ಜಾಹೀರಾತಿನ ತಾಣಗಳನ್ನೂ ತಡೆಯಲು ಅವನು ಆ ಉದ್ದನೆಯ ಪಟ್ಟಿಯನ್ನು ಹಾಕಿದ. ಅದರಿಂದ ಯಂತ್ರ ನಿಧಾನವಾದುದನ್ನು ಕಂಡು, ಡಿಎನ್‌ಎಸ್ ಕ್ಲೈಂಟ್ ಸೇವೆಯನ್ನು ರಿಜಿಸ್ಟ್ರಿಯಲ್ಲಿ ನಿಲ್ಲಿಸಿದ. ಆ ಸೇವೆ ಇಲ್ಲದಿದ್ದರೂ ತಾಣಗಳು ಬಹುಮಟ್ಟಿಗೆ ತೆರೆಯುತ್ತವೆ. ಹುಡುಕಿದ ವಿಳಾಸ ನೆನಪಿನಲ್ಲಿ ಉಳಿಯುವುದಿಲ್ಲ, ಅಷ್ಟೇ. ಆರು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. 2025ರಲ್ಲಿ ಸಿಸ್ಟಂ ಹೊಸದಾದಾಗ ಸೇವೆಗಳೆಲ್ಲ ತಮ್ಮ ಮೂಲಸ್ಥಿತಿಗೆ ಬಂದವು. ನಿಂತಿದ್ದ ಸೇವೆ ಎದ್ದಿತು, ಎದ್ದೊಡನೆ ಆ ಪಟ್ಟಿ ಅದರ ತಲೆಯ ಮೇಲೆ ಬಿದ್ದಿತು.

ಹೊಸ ಸಿಸ್ಟಂ ತನ್ನ ಧರ್ಮದಂತೆ ನಡೆದುಕೊಂಡಿತು. ಹಳೆಯ ತಂತ್ರಜ್ಞ ನಾನು ಕೇಳಿದ್ದನ್ನು ಮಾಡಿಕೊಟ್ಟ. ದಪ್ಪ ತಂತಿಯನ್ನು ಆರು ವರ್ಷದ ಹಿಂದೆಯೇ ಕಟ್ಟಿಯಾಗಿತ್ತು. ಕಟ್ಟಿದ್ದಾರೆಂಬುದು ಮಾತ್ರ ಮಾಲೀಕನಿಗೆ ಗೊತ್ತಿರಲಿಲ್ಲ. ಆದ್ದರಿಂದ ತಪ್ಪು ನನ್ನದು. ಏನು ಮಾಡಿದಿರಿ ಎಂದು ಕೇಳಲಿಲ್ಲ, ಬರೆಸಿಕೊಳ್ಳಲಿಲ್ಲ. ರಸೀತಿಯಲ್ಲಿ ಎರಡು ಸಾಲು ಹೆಚ್ಚಿಗೆ ಇದ್ದಿದ್ದರೆ ಆ ಶನಿವಾರ ಅರ್ಧ ಗಂಟೆಯಲ್ಲಿ ಸರಿಹೋಗುತ್ತಿತ್ತು.

ಎಲ್ಲ ಬಿಸಿಗೂ ಒಂದೇ ಕಾರಣವಲ್ಲ

ನನಗಾದದ್ದೇ ನಿಮಗೂ ಆಗುತ್ತದೆಂದು ತಿಳಿಯಬಾರದು. ಮೇಲ್ದರ್ಜೆಗೇರಿಸಿದ ಮೊದಲ ಒಂದೆರಡು ದಿನ ಯಂತ್ರ ಸ್ವಲ್ಪ ಭಾರವಾಗಿ ಓಡುವುದು ಸಹಜ; ಕಡತಗಳ ಪಟ್ಟಿ ಮಾಡಿಕೊಳ್ಳುತ್ತದೆ, ತಿದ್ದುಪಡಿಗಳನ್ನು ಇಳಿಸಿಕೊಳ್ಳುತ್ತದೆ, ವೈರಸ್ ತಪಾಸಣೆ ನಡೆಸುತ್ತದೆ. ಆಮೇಲೂ ಇಳಿಯದಿದ್ದರೆ ವಿಚಾರಿಸಬೇಕು. ಪ್ರೊಸೆಸರಿನೊಡನೆ ಜಾಲದ ಸಂಚಾರವೂ ಏರಿದ್ದರೆ, ತಿದ್ದುಪಡಿಗಳನ್ನು ಇಳಿಸುವ ಮತ್ತು ಅಕ್ಕಪಕ್ಕದ ಯಂತ್ರಗಳೊಡನೆ ಹಂಚಿಕೊಳ್ಳುವ ಸೇವೆ ಓಡುತ್ತಿರಬಹುದು; ಅದಕ್ಕೆ ಮಿತಿ ಹಾಕಲು ಸಿಸ್ಟಂನಲ್ಲಿಯೇ ಅವಕಾಶವಿದೆ. ಒಂದರ ಮೇಲೊಂದು ಎರಡು ವೈರಸ್ ತಡೆ ತಂತ್ರಾಂಶಗಳಿದ್ದರೆ, ಅಥವಾ ಜಾಲದ ಕಾರ್ಡಿನ ಡ್ರೈವರ್ ಹಳೆಯದಾಗಿದ್ದರೆ ಅದೂ ಕಾರಣವಾಗಬಹುದು. ಹಿಂದೆ ಹಲವು ಸೇವೆಗಳು ಒಂದೇ ಪ್ರಕ್ರಿಯೆಯೊಳಗೆ ಸೇರಿಕೊಂಡು ಓಡುತ್ತಿದ್ದುದರಿಂದ ಯಾವುದು ತಪ್ಪಿತಸ್ಥ ಎಂದು ಹೇಳುವುದು ಕಷ್ಟವಾಗಿತ್ತು. 2017ರ ವಿಂಡೋಸ್ 10 ಆವೃತ್ತಿಯಿಂದೀಚೆಗೆ, 3.5 ಜಿಬಿಗಿಂತ ಹೆಚ್ಚು ಮೆಮೊರಿ ಇರುವ ಯಂತ್ರಗಳಲ್ಲಿ ಬಹುಪಾಲು ಸೇವೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಹುಡುಕುವವನಿಗೆ ಇದೊಂದು ದೊಡ್ಡ ಅನುಕೂಲ.

ಕೆಲವೊಮ್ಮೆ ಕಾರಣ ನಮ್ಮ ಯಂತ್ರದಲ್ಲಿಯೇ ಇರುವುದಿಲ್ಲ. 2013ರ ಕೊನೆಯಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರಗಳು ತಿದ್ದುಪಡಿ ಹುಡುಕುವ ಸೇವೆಯಿಂದಾಗಿ ಗಂಟೆಗಟ್ಟಲೆ ಸ್ತಬ್ಧವಾಗುತ್ತಿದ್ದವು. ಒಂದನ್ನೊಂದು ರದ್ದುಗೊಳಿಸುತ್ತ ಬಂದ ಹಳೆಯ ತಿದ್ದುಪಡಿಗಳ ಸರಪಳಿ ಅಷ್ಟು ಉದ್ದವಾಗಿತ್ತು. ತಯಾರಕರು 2014ರ ಜನವರಿಯಲ್ಲಿ ಆ ಸರಪಳಿಯನ್ನು ಕತ್ತರಿಸಿದ ಮೇಲೆ ಯಂತ್ರಗಳು ತಾವಾಗಿಯೇ ಸರಿಹೋದವು. ಆ ತಿಂಗಳುಗಳಲ್ಲಿ ಪ್ರೊಸೆಸರ್ ಹಳೆಯದಾಯಿತೆಂದು ಹೊಸ ಯಂತ್ರ ಕೊಂಡವರು ಇರಲೇಬೇಕು.

ಇದನ್ನೆಲ್ಲ ಓದಿ, ಹಾಗಾದರೆ ಮೇಲ್ದರ್ಜೆಗೇರಿಸುವ ಗೊಡವೆಯೇ ಬೇಡ ಎಂದು ಯಾರಾದರೂ ತೀರ್ಮಾನಿಸಿದರೆ ಅದು ಇನ್ನೂ ದೊಡ್ಡ ಅಪಾಯ. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿ ಕಡತಗಳನ್ನು ಒತ್ತೆಯಿಟ್ಟುಕೊಂಡ ವಾನ್ನಾಕ್ರೈ ಪಿಡುಗಿಗೆ ಬೇಕಾದ ತಿದ್ದುಪಡಿ ಅದೇ ವರ್ಷದ ಮಾರ್ಚ್‌ನಲ್ಲಿಯೇ ಲಭ್ಯವಿತ್ತು. ಹಾಕಿಕೊಳ್ಳದವರು ಅನುಭವಿಸಿದರು. ಬದಲಾವಣೆಗೆ ಹೆದರುವ ಊರೂ ನಮ್ಮದಲ್ಲ. 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿ ಎಳೆದು ವಿದ್ಯುತ್ತನ್ನು ತಂದು ಗಣಿಯ ಯಂತ್ರಗಳನ್ನು ಓಡಿಸಿದ ನೆಲ ಇದು. ಅಷ್ಟು ದೂರದ ವಿದ್ಯುತ್ ಸಾಗಣೆ ಆ ಕಾಲಕ್ಕೆ ದೊಡ್ಡ ಸಾಹಸವೇ ಆಗಿತ್ತು.

ಗಣಿಯ ಪುಸ್ತಕ

ನನ್ನ ತಂದೆ ಗಣಿಯಲ್ಲಿ ವೈಂಡಿಂಗ್ ವಿಭಾಗದಲ್ಲಿದ್ದರು. ಜನರನ್ನು ಕೂರಿಸಿಕೊಂಡ ಪಂಜರವನ್ನು ಭೂಮಿಯೊಳಗೆ ಇಳಿಸಿ ಏರಿಸುವ ಯಂತ್ರಗಳ ವಿಭಾಗ ಅದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮೀರಿದ ಆಳದ್ದು. ಆ ಆಳಕ್ಕೆ ಇಳಿಯುವವರ ಪ್ರಾಣವೆಲ್ಲ ಉಕ್ಕಿನ ಹಗ್ಗದ ಮೇಲೆ. ಹಗ್ಗವನ್ನು ತಪಾಸಣೆ ಮಾಡಿದವನು ಕಂಡದ್ದನ್ನು ಬರೆದು, ದಿನಾಂಕ ಹಾಕಿ, ಸಹಿ ಮಾಡಬೇಕಿತ್ತು. ಅದೂ ಬಿಡಿ ಹಾಳೆಯಲ್ಲಲ್ಲ. ಪುಟಸಂಖ್ಯೆಯುಳ್ಳ, ಕಟ್ಟು ಹಾಕಿದ ಪುಸ್ತಕದಲ್ಲಿ. 1961ರ ಲೋಹ ಗಣಿಗಳ ನಿಯಮಾವಳಿ ಇದನ್ನು ಕಡ್ಡಾಯ ಮಾಡಿದೆ. ಹಾಳೆ ಕಿತ್ತರೆ ಗೊತ್ತಾಗಬೇಕು, ನಡುವೆ ಸೇರಿಸಿದರೆ ಗೊತ್ತಾಗಬೇಕು ಎಂಬುದು ಅದರ ಉದ್ದೇಶ. ಮುಂದಿನ ಪಾಳಿಯವನು ಕೆಲಸಕ್ಕೆ ಕೈಯಿಡುವ ಮೊದಲು ಹಿಂದಿನ ಪಾಳಿಯವನು ಬರೆದದ್ದನ್ನು ಓದಬೇಕು. ನನ್ನ ತಂದೆ ಮನೆಯಲ್ಲಿ ಸ್ಟೌ ಬಿಚ್ಚಿದರೂ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತಿದ್ದರು, ನಾವು ನಗುತ್ತಿದ್ದೆವು.

2001ರಲ್ಲಿ ಗಣಿ ಮುಚ್ಚಿತು. ಕೆಲಸ ಹೋಯಿತು, ಊರಿನ ವ್ಯಾಪಾರ ಕುಸಿಯಿತು. ಆ ಕಥೆ ನಮಗೆಲ್ಲ ಗೊತ್ತು. ಆದರೆ ಗಣಿ ಈ ಊರಿಗೆ ಕಲಿಸಿದ ಶಿಸ್ತು ಗಣಿಯೊಡನೆಯೇ ಮುಚ್ಚಬೇಕಾಗಿರಲಿಲ್ಲ. ಹಗ್ಗಕ್ಕೊಂದು ಪುಸ್ತಕವಿದ್ದ ಊರಿನಲ್ಲಿ, ಸಂಸಾರಗಳ ಬಟವಾಡೆ ನೇತಾಡುತ್ತಿರುವ ಯಂತ್ರಕ್ಕೆ ಒಂದು ಪುಸ್ತಕವಿಲ್ಲವೆಂಬುದು ನಮಗೆ ಶೋಭಿಸುವುದಿಲ್ಲ.

ಆಕ್ಷೇಪಗಳಿಗೆ ಸಮಾಧಾನ

ನಾವು ವರ್ತಕರು, ತಂತ್ರಜ್ಞರಲ್ಲ. ಇದೆಲ್ಲ ನಮಗೇಕೆ ಎಂದು ಕೆಲವರು ಹೇಳಬಹುದು. ಲಾರಿಯ ಎಂಜಿನ್ ಬಿಚ್ಚಲು ನಮಗೆ ಬರುವುದಿಲ್ಲ. ಆದರೂ ಯಾವ ತಿಂಗಳು ಯಾವ ಭಾಗ ಬದಲಾಯಿಸಿದರೆಂದು ಬರೆದಿಡುತ್ತೇವೆ. ಬರೆಸಿಕೊಳ್ಳುವುದಕ್ಕೆ ತಂತ್ರಜ್ಞಾನ ಬೇಕಿಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದವಿದೆ, ಅವರೇ ನೋಡಿಕೊಳ್ಳುತ್ತಾರೆ ಎಂಬುದು ಇನ್ನೊಂದು ಮಾತು. ಒಪ್ಪಂದದವರು ಕಳುಹಿಸುವ ಹುಡುಗರು ವರ್ಷಕ್ಕೆ ಎರಡು ಬಾರಿ ಬದಲಾಗುತ್ತಾರೆ. ಹಿಂದಿನವನು ಮಾಡಿದ್ದು ಮುಂದಿನವನಿಗೆ ತಿಳಿಯಬೇಕಾದರೆ ಪುಸ್ತಕ ನಮ್ಮ ಕಚೇರಿಯಲ್ಲಿಯೇ ಇರಬೇಕು.

ಹೊಸ ಯಂತ್ರ ಕೊಂಡಿದ್ದರೂ ತೊಂದರೆ ಹೋಗುತ್ತಿತ್ತಲ್ಲ ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹೊಸದರಲ್ಲಿ ಆ ಪಟ್ಟಿ ಇರುತ್ತಿರಲಿಲ್ಲವಾದ್ದರಿಂದ ರೋಗಲಕ್ಷಣ ಮಾಯವಾಗುತ್ತಿತ್ತು. ಹಳೆಯ ಯಂತ್ರ ನಿಜವಾಗಿಯೂ ಅನರ್ಹವಾಗಿದ್ದರೆ ಕೊಳ್ಳಲೇಬೇಕು. ವಿಂಡೋಸ್ 11ರ ಷರತ್ತುಗಳನ್ನು ಪೂರೈಸದ ಯಂತ್ರಗಳು ನಮ್ಮಲ್ಲಿ ಸಾಕಷ್ಟಿವೆ. ಆದರೆ ಸುಸ್ಥಿತಿಯಲ್ಲಿರುವುದನ್ನು ಕಾರಣ ತಿಳಿಯದೆ ಎಸೆಯುವುದು ಬಂಡವಾಳದ ದುರ್ವ್ಯಯ. ಕಾರಣ ತಿಳಿಯದೆ ಕೊಂಡವನು ಹುಡುಗರ ಮೇಲೆ ಮತ್ತೆ ದೂರಿ, ಮತ್ತೊಬ್ಬನಿಂದ ಅದೇ ಪಟ್ಟಿಯನ್ನು ಹಾಕಿಸಿಕೊಳ್ಳುವ ಸಂಭವವೂ ಇದೆ. ಅಂಥ ತಾಣಗಳನ್ನು ತಡೆಯಬೇಕಿದ್ದರೆ ರೂಟರಿನಲ್ಲಿ ತಡೆಯುವುದು ಸರಿಯಾದ ಮಾರ್ಗ. ಈಗ ಹಾಗೆಯೇ ಮಾಡಿದ್ದೇವೆ.

ಮಾಡಬೇಕಾದದ್ದೇನು?

ಸದಸ್ಯರು ತಮ್ಮ ಮಟ್ಟದಲ್ಲಿ ಮಾಡಬಹುದಾದದ್ದು ಹೆಚ್ಚೇನಿಲ್ಲ. ಒಂದು ಗಟ್ಟಿ ರಟ್ಟಿನ ಪುಸ್ತಕವನ್ನು ಯಂತ್ರದ ಪಕ್ಕದಲ್ಲಿಡಿ. ಯಂತ್ರವನ್ನು ಯಾರೇ ಮುಟ್ಟಲಿ, ದಿನಾಂಕ, ಹೆಸರು, ಕಂಡ ತೊಂದರೆ, ಮಾಡಿದ ಬದಲಾವಣೆ ಹಾಗೂ ಅದನ್ನು ಹಿಂತೆಗೆಯುವ ವಿಧಾನವನ್ನು ಬರೆದು ಸಹಿ ಮಾಡಲಿ. ಬರೆದ ಮೇಲೆಯೇ ಹಣ ಕೊಡಿ. ಗುಪ್ತಪದಗಳನ್ನು ಆ ಪುಸ್ತಕದಲ್ಲಿ ಬರೆಯಕೂಡದು. ಅವುಗಳನ್ನು ಮುಚ್ಚಿದ ಲಕೋಟೆಯಲ್ಲಿ ಬೀರುವಿನ ಲಾಕರಿನಲ್ಲಿಡಿ.

ಮೇಲ್ದರ್ಜೆಗೇರಿಸುವ ದಿನವನ್ನು ಆಯ್ದುಕೊಳ್ಳಿ. ತಿಂಗಳಿಗೊಮ್ಮೆ ವಿವರ ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ಸಲ್ಲಿಸಲು 11ನೆಯ ತಾರೀಖು, 3ಬಿಗೆ 20ನೆಯ ತಾರೀಖು ಗಡುವು. 20 ಕಳೆದ ಮೇಲೆ, ತಿಂಗಳ ಕೊನೆಯ ಗದ್ದಲಕ್ಕೆ ಮೊದಲು, ಮರುದಿನ ಸರಕು ಹೊರಡದ ಹೊತ್ತು ನೋಡಿ ಮಾಡಿಸಿ. ಶುಕ್ರವಾರ ಸಂಜೆ ಮಾಡಿಸಿ ಶನಿವಾರಕ್ಕೆ ಲಾರಿ ಹೇಳಿದ ನನ್ನ ಅವಿವೇಕ ನಿಮ್ಮದಾಗದಿರಲಿ. ಲೆಕ್ಕದ ಕಡತಗಳ ಪ್ರತಿಯನ್ನು ಮೊದಲೇ ತೆಗೆದು, ಅದು ಇನ್ನೊಂದು ಯಂತ್ರದಲ್ಲಿ ತೆರೆಯುತ್ತದೆಯೆಂದು ಕಣ್ಣಾರೆ ನೋಡಿ. ಎರಡು ಮೂರು ಯಂತ್ರಗಳಿದ್ದರೆ ಮುಖ್ಯವಲ್ಲದ್ದನ್ನು ಮೊದಲು ಬದಲಿಸಿ, ಒಂದು ವಾರ ಓಡಿಸಿ, ಆಮೇಲೆ ಉಳಿದವುಗಳಿಗೆ ಕೈ ಹಾಕಿ. ಪ್ರೊಸೆಸರಿನ ಅಂಕಿಯನ್ನು ಬದಲಾವಣೆಗೆ ಮುಂಚೆ ಒಮ್ಮೆ, ಬದಲಾವಣೆಯ ನಂತರ ಒಮ್ಮೆ ಪುಸ್ತಕದಲ್ಲಿ ಬರೆದಿಡಿ. ಮೊದಲಿನ ಅಂಕಿ ಗೊತ್ತಿಲ್ಲದವನು ಏರಿದೆಯೆಂದು ಹೇಗೆ ಹೇಳಬಲ್ಲ?

ನಮ್ಮ ಮಂಡಳಿಯ ಮುಂದೆ ಎರಡು ವಿನಂತಿಗಳಿವೆ. ಒಂದು, ಇಂಥ ದಾಖಲೆ ಪುಸ್ತಕದ ಮಾದರಿ ಪುಟವೊಂದನ್ನು ಮುದ್ರಿಸಿ ಎಲ್ಲ ಸದಸ್ಯರಿಗೂ ಹಂಚಬೇಕು. ಇನ್ನೊಂದು, ತಿಂಗಳಿಗೊಂದು ಭಾನುವಾರ ಮಂಡಳಿಯ ಕಚೇರಿಯಲ್ಲಿ ಗಣಕ ಸಲಹಾ ದಿನವನ್ನು ಏರ್ಪಡಿಸಬೇಕು. ಬೆಂಗಳೂರಿನ ಸಂಸ್ಥೆಗಳ ಯಂತ್ರಗಳನ್ನು ಕಾಯುವ ಕೈಗಳು ನಮ್ಮ ಬೀದಿಗಳಲ್ಲಿಯೇ ಮಲಗಿ ಏಳುತ್ತಿವೆ. ಆ ವಿದ್ಯೆ ದಿನವೂ ಬೆಳಗಿನ ರೈಲು ಹತ್ತಿ ಹೋಗುತ್ತದೆ. ರಾತ್ರಿ ದಣಿದು ಬರುತ್ತದೆ. ವಾರಕ್ಕೆ ಒಂದೇ ದಿನ ಬಿಡುವಿರುವ ಆ ಮಕ್ಕಳಿಂದ ಧರ್ಮಾರ್ಥ ಸೇವೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಸದಸ್ಯರಿಂದ ಶುಲ್ಕ ಪಡೆದು ಅವರಿಗೆ ಗೌರವಧನ ಕೊಡಬೇಕು. ಒಬ್ಬ ಸದಸ್ಯನ ಯಂತ್ರದಲ್ಲಿ ಕಂಡ ತೊಂದರೆಯೂ ಪರಿಹಾರವೂ ಈ ಪತ್ರಿಕೆಯಲ್ಲಿ ನಾಲ್ಕು ಸಾಲಿನಲ್ಲಿ ಅಚ್ಚಾದರೆ, ಉಳಿದವರು ಅದೇ ಗುಂಡಿಗೆ ಬೀಳುವುದು ತಪ್ಪುತ್ತದೆ.

ಆ ಭಾನುವಾರ ಸಂಜೆಯೇ ನಾನು ಇನ್ನೂರು ಪುಟದ ಪುಸ್ತಕವೊಂದನ್ನು ತರಿಸಿ ಪುಟಸಂಖ್ಯೆ ಹಾಕಿಸಿದೆ. ಮೊದಲ ಪುಟದಲ್ಲಿ ಆ ತರುಣ ತನ್ನ ಕೈಯಾರೆ ಎಂಟು ಸಾಲು ಬರೆದು ಸಹಿ ಮಾಡಿದ್ದಾನೆ: ಏನು ಕಂಡೆ, ಏನು ಬದಲಿಸಿದೆ, ಹಳೆಯ ಪಟ್ಟಿಯ ಪ್ರತಿ ಎಲ್ಲಿದೆ. ಸೋಮವಾರ ಬೆಳಿಗ್ಗೆ ಬಾಕಿ ಬಟವಾಡೆ ಹನ್ನೊಂದೂ ಖಾತೆಗಳಿಗೆ ಸೇರಿದ್ದನ್ನು ಅದರ ಕೆಳಗೆ ನಾನು ಬರೆದೆ. ವರ್ತಕ ಬಾಂಧವರು ತಮ್ಮ ಪುಸ್ತಕದ ಮೊದಲ ಪುಟವನ್ನು ಇಂಥದೊಂದು ಶನಿವಾರ ಬರುವ ಮೊದಲೇ ಬರೆಯಲಿ ಎಂಬುದು ನನ್ನ ಕೋರಿಕೆ.